ತೋಟದ ಮನೆಯ ಅತಿಥಿಗೆ ಒಂದು ಕಿವಿಮಾತು

ಶಾಲೆಗೆ ರಜೆ ಬಂತೆಂದರೆ ಪಟ್ಟಣದ ಕುಟುಂಬಗಳು ಈಗ ನೆಂಟರ ಮನೆಗಿಂತ ಹೆಚ್ಚಾಗಿ ತೋಟದ ಮನೆಗಳನ್ನು ಅರಸಿ ಹೊರಡುತ್ತವೆ. ಹಿಂದೆ ಅಜ್ಜಿಯ ಊರು ಎಂಬುದೊಂದಿತ್ತು. ಅಲ್ಲಿಯ ಗದ್ದೆ, ಹಳ್ಳ, ಕೊಟ್ಟಿಗೆಗಳು ಮಕ್ಕಳ ಪಾಲಿಗೆ ಹಕ್ಕಿನ ಆಸ್ತಿಯಾಗಿದ್ದವು. ಆ ಗದ್ದೆಗಳನ್ನು ಮಾರಿ ಪಟ್ಟಣ ಸೇರಿದವರ ಮಕ್ಕಳು ಇಂದು ಹಳ್ಳದ ನೀರಿನಲ್ಲಿ ಕಾಲಿಡಲು ಹಣ ತೆರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಕಾಫಿಯ ಬೆಲೆ ಕುಸಿದ ದಿನಗಳಲ್ಲಿ ಮಲೆನಾಡಿನ ಅನೇಕ ಸಣ್ಣ ಬೆಳೆಗಾರರಿಗೆ ಹೋಮ್‌ಸ್ಟೇಯ ಆದಾಯವೇ ಆಸರೆಯಾಗಿದೆ. ಆದರೆ ಹಣ ತೆತ್ತು ಉಳಿಯುವವನಿಗೂ ಅತಿಥಿಗೂ ಒಂದು ಅಂತರವಿದೆ. ಆ ಅಂತರವನ್ನು ನಾನು ಕಲಿತದ್ದು ಸಕಲೇಶಪುರ ಸೀಮೆಯ ಒಂದು ಕಾಫಿ ತೋಟದಲ್ಲಿ, ನನ್ನದೇ ತಪ್ಪಿನಿಂದ.

ಅದು ಜನವರಿಯ ಕೊನೆಯ ವಾರ. ನಮ್ಮ ಧರ್ಮಕೇಂದ್ರದ ಕೆಲವು ಕುಟುಂಬಗಳೊಡನೆ ಮೂರು ದಿನ ಅಲ್ಲಿ ತಂಗಿದ್ದೆವು. ಮೊದಲ ದಿನ ನಾವು ಎಲ್ಲಿಗೂ ಹೋಗಲಿಲ್ಲ, ತೋಟವನ್ನೇ ಸುತ್ತಿದೆವು. ರೊಬಸ್ಟಾ ಹಣ್ಣಿನ ಕೊಯ್ಲು ನಡೆದಿತ್ತು. ಮಕ್ಕಳು ಹೆಣ್ಣಾಳುಗಳ ಜೊತೆ ನಿಂತು ಹಣ್ಣು ಬಿಡಿಸಿದರು. ಅರ್ಧ ಗಂಟೆಯಲ್ಲಿ ಬೆರಳು ಅಂಟಾಗಿ, ಕೆಂಪಿರುವೆ ಕಚ್ಚಿ, ಓಡಿ ಬಂದರು. ಆ ಹೆಂಗಸರು ಮಾತ್ರ ಸಂಜೆಯವರೆಗೂ ಅಲ್ಲಿಯೇ ಇದ್ದರು. ಕಣದಲ್ಲಿ ಹರಡಿದ ಹಣ್ಣನ್ನು ಹಗಲೆಲ್ಲ ಕೆದಕಿ ತಿರುವಿ, ಇಳಿಹೊತ್ತಿಗೆ ರಾಶಿ ಮಾಡಿ, ಮಂಜು ಬೀಳದಂತೆ ಮುಚ್ಚುವುದನ್ನು ಕಂಡೆವು.

ಆಕಾಶದಲ್ಲಿ ತುಸು ಮೋಡ ಕವಿದಾಗ ನಮ್ಮವರಲ್ಲೊಬ್ಬರು, ಒಂದು ಮಳೆ ಬಂದರೆ ಎಷ್ಟು ಚೆಂದ ಎಂದರು. ತೋಟದ ಯಜಮಾನರ ಮುಖ ಬಾಡಿತು. ಕಣದಲ್ಲಿ ಕಾಫಿ ಇರುವಾಗ ಬೀಳುವ ಮಳೆ ಬೂಷ್ಟು ತರುತ್ತದೆ. ಗಿಡಗಳನ್ನು ಅಕಾಲದಲ್ಲಿ ಹೂಬಿಡಿಸಿ ಮುಂದಿನ ವರ್ಷದ ಫಸಲನ್ನೂ ಕೆಡಿಸುತ್ತದೆ. ಅದೇ ಮಳೆ ಕೊಯ್ಲು ಮುಗಿದು ಒಂದು ತಿಂಗಳ ಮೇಲೆ ಬಿದ್ದರೆ ಅದು ಹೂಮಳೆ. ಆಗ ವಾರ ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳಿ ಘಮಘಮಿಸುತ್ತದೆ. ರೊಬಸ್ಟಾ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನುನೊಣವೋ ತರಬೇಕು. ನಮಗೆ ಮಳೆಯೆಂದರೆ ನೋಟ. ತೋಟದವರಿಗೆ ಅದು ವರ್ಷದ ಅನ್ನ. ಒಂದೇ ಆಕಾಶದ ಕೆಳಗೆ ನಿಂತ ಇಬ್ಬರು ಎರಡು ಬೇರೆ ಬಯಕೆಗಳನ್ನು ಹೊತ್ತಿರುತ್ತಾರೆಂಬುದು ಆ ದಿನದ ಪಾಠವಾಯಿತು.

ಎರಡನೆಯ ದಿನ ಬೆಳಿಗ್ಗೆ ಮಂಜರಾಬಾದ್ ಕೋಟೆಯನ್ನು ಹತ್ತಿದೆವು. ಟಿಪ್ಪು ಸುಲ್ತಾನನ ಕಾಲದಲ್ಲಿ 1792ರ ಸುಮಾರಿಗೆ ಪೂರ್ಣಗೊಂಡ, ಎಂಟು ಮೂಲೆಗಳ ನಕ್ಷತ್ರದಾಕಾರದ ಕೋಟೆ ಇದು. ಸಕಲೇಶಪುರ ಪೇಟೆಗೆ ಸಮೀಪದಲ್ಲಿಯೇ, ಮಂಗಳೂರಿನ ಹೆದ್ದಾರಿಯ ಬದಿಯಲ್ಲಿದೆ. ಮಧ್ಯಾಹ್ನ ಬಿಸಿಲೆಯ ಕಡೆ ಹೊರಟೆವು. ಆ ಹಾದಿಯಲ್ಲಿ, ಮಂಕನಹಳ್ಳಿಯ ಬಳಿ ಒಂದು ದಿಣ್ಣೆಯಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆಯ ನೀರು ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಇನ್ನೊಂದು ಮಗ್ಗುಲಿನದು ಕುಮಾರಧಾರಾ, ನೇತ್ರಾವತಿಗಳ ಮೂಲಕ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಬಿಸಿಲೆಯ ನೋಟದ ಕಟ್ಟೆಯಲ್ಲಿ ನಿಂತರೆ ಎದುರಿಗೆ 1,712 ಮೀಟರ್ ಎತ್ತರದ ಕುಮಾರ ಪರ್ವತ. ಕತ್ತಲಾಗುವ ಮುನ್ನ ತೋಟ ಸೇರಿದೆವು. ಸಂಜೆ ಆರರೊಳಗೆ ಗೇಟಿನ ಒಳಗಿರಬೇಕೆಂದು ಯಜಮಾನರು ಮೊದಲ ದಿನವೇ ಹೇಳಿದ್ದರು.

ಮೂರನೆಯ ದಿನ ಶೆಟ್ಟಿಹಳ್ಳಿಗೆ ಹೋದೆವು. ಹಾಸನದಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಹೇಮಾವತಿಯ ಹಿನ್ನೀರಿನ ಅಂಚಿನಲ್ಲಿ, ಜಪಮಾಲೆ ಮಾತೆಯ ಹಳೆಯ ದೇವಾಲಯದ ಗೋಡೆಗಳು ಮಾಡಿಲ್ಲದೆ ನಿಂತಿವೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಅದನ್ನು ಗೋಥಿಕ್ ಶೈಲಿಯಲ್ಲಿ ಕಟ್ಟಿಸಿದರು. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ನೀರು ಏರಿತು, ಊರಿನವರು ಬೇರೆಡೆಗೆ ಹೋದರು. ಅಂದಿನಿಂದ ಮಳೆಗಾಲದಲ್ಲಿ ಅರ್ಧ ಮುಳುಗುವುದು, ಬೇಸಿಗೆಯಲ್ಲಿ ಮತ್ತೆ ನೆಲಕ್ಕೆ ನಿಲ್ಲುವುದು, ಇದೇ ಅದರ ವರ್ಷಚಕ್ರ. ಚಿತ್ರ ತೆಗೆಯುವವರ ನೂಕು ಅಲ್ಲಿ ಸದಾ ಇರುತ್ತದೆ.

ನಾನು ಯುವಜನರನ್ನು ಪೀಠವಿದ್ದ ಕಡೆಗೆ ಕರೆದು ನಿಲ್ಲಿಸಿ ಮಾತನಾಡತೊಡಗಿದೆ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಗದ್ದೆಗಳಿಗೆ ಹರಿದ ನೀರಿಗಾಗಿ ಇಲ್ಲಿಯ ಜನ ಮನೆ, ಹೊಲ, ಸಮಾಧಿಭೂಮಿಗಳನ್ನು ತೊರೆದರು. ನಮ್ಮ ಪ್ರತಿಯೊಂದು ಸುಖದ ಹಿಂದೆ ನಾವು ಕಾಣದ ಒಬ್ಬರ ನಷ್ಟವಿರುತ್ತದೆ. ಅದನ್ನು ಕಾಣುವುದೇ ಪ್ರವಾಸದ ಸಾರ್ಥಕತೆ, ಎಂದೆಲ್ಲ ಹೇಳಿದೆ. ಸಂಜೆಯ ಬೆಳಕು ಕಮಾನುಗಳ ಮೇಲೆ ಬಿದ್ದಿತ್ತು. ಕೇಳುವವರು ಇದ್ದರು. ಹೇಳುವವನಿಗೆ ವೇಳೆಯ ಪರಿವೆ ಇರಲಿಲ್ಲ. ಅಲ್ಲಿಂದ ಹೊರಟಾಗಲೇ ಆರು ಸಮೀಪಿಸಿತ್ತು.

ತೋಟದ ಮಣ್ಣುರಸ್ತೆಗೆ ನಮ್ಮ ವಾಹನಗಳು ತಿರುಗುವಾಗ ರಾತ್ರಿ ಎಂಟು. ಕೆಳಗಿನ ತಿರುವಿನಲ್ಲಿ ಒಂದು ಟಾರ್ಚಿನ ಬೆಳಕು ಅಲ್ಲಾಡಿತು. ತೋಟದ ಕಾವಲಿನವರು ಒಬ್ಬರೇ ನಿಂತಿದ್ದರು, ಹೆಗಲಿಗೆ ಕಂಬಳಿ.

“ಮೇಲ್ಗಡೆ ರಸ್ತೇಲಿ ಆನೆ ಇದಾವೆ ಫಾದರ್, ಮರಿ ಬೇರೆ ಐತೆ. ಹಿಂದಕ್ಕೆ ತಿರುಗ್ಸಿ, ಕೆಳಗಿನ ದಾರೀಲಿ ಹೋಗೋಣ” ಎಂದರು.

ಅಲ್ಲಿ ಮೊಬೈಲಿಗೆ ಸಂಕೇತ ಸಿಗುವುದಿಲ್ಲ. ನಮಗೆ ತಿಳಿಸಲು ಬೇರೆ ದಾರಿಯಿಲ್ಲದೆ ಅವರು ಒಂದು ಗಂಟೆಗೂ ಹೆಚ್ಚು ಕಾಲ ಆ ಕತ್ತಲೆಯಲ್ಲಿ ನಿಂತಿದ್ದರು. ನಾವು ಗಾಜು ಏರಿಸಿಕೊಂಡು ವಾಹನದೊಳಗೆ ಕುಳಿತಿದ್ದೆವು. ಅವರ ರಕ್ಷಣೆಗೆ ಒಂದು ಟಾರ್ಚು ಮಾತ್ರ. ಅವರನ್ನು ಲೈನು ಮನೆಯ ಮುಂದೆ ಇಳಿಸಿದಾಗ ಅವರ ಹೆಂಡತಿ ಬಾಗಿಲಿನಲ್ಲೇ ನಿಂತಿದ್ದರು. “ಇಷ್ಟೊತ್ತು ಮಾಡಿದ್ರೆ ಹೆಂಗೆ ಫಾದರ್” ಎಂದರು, ಅಷ್ಟೇ. ನನ್ನಲ್ಲಿ ಉತ್ತರವಿರಲಿಲ್ಲ. ಕಾಣದವರ ನಷ್ಟದ ಬಗ್ಗೆ ಉಪದೇಶ ಮಾಡುತ್ತಲೇ ನಾನು ಕಾಣುವವರೊಬ್ಬರ ಪ್ರಾಣವನ್ನು ಪಣಕ್ಕಿಟ್ಟಿದ್ದೆ.

ಸಕಲೇಶಪುರ, ಆಲೂರು ಸೀಮೆಯಲ್ಲಿ ಆನೆಗಳು ಹಗಲು ಕಾಫಿಯ ನೆರಳಿನಲ್ಲಿ ನಿಂತು, ಕತ್ತಲಾದ ಮೇಲೆ ಗದ್ದೆ ಬಾಳೆಗಳಿಗೆ ಇಳಿಯುತ್ತವೆ. ಎಂಟು ವರ್ಷ ಮೈಸೂರಿನ ದಸರಾ ಅಂಬಾರಿಯನ್ನು ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು, ಕಾಡಾನೆಯೊಂದನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಮಡಿದದ್ದು ಇದೇ ತಾಲ್ಲೂಕಿನ ಯಸಳೂರಿನ ಕಡೆ. ಪಳಗಿದ ಆನೆಗೇ ಆ ಗತಿಯಾದರೆ ಬರಿಗೈಯ ಮನುಷ್ಯನ ಪಾಡೇನು? ತೋಟದ ಕಾರ್ಮಿಕರು ಪ್ರತಿದಿನ ಬೆಳಿಗ್ಗೆ ಈ ಭಯವನ್ನು ದಾಟಿಯೇ ಕೆಲಸಕ್ಕೆ ಬರುತ್ತಾರೆ.

ಆದ್ದರಿಂದ ಈ ರಜೆಯಲ್ಲಿ ತೋಟದ ಮನೆಗೆ ಹೊರಡುವವರಿಗೆ ಕೆಲವು ಮಾತುಗಳು. ಬೆಳಗಾಗುವ ಮುನ್ನ, ಕತ್ತಲಾದ ನಂತರ ತಿರುಗಾಟ ಬೇಡ. ಆನೆಯ ಸುದ್ದಿ ಬಂದ ದಿನ ನಡಿಗೆಯನ್ನು ಕೈಬಿಡಬೇಕು. ಹಣ ಕೊಟ್ಟಿದ್ದೇವೆಂದು ವಾದಿಸಬಾರದು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲುಹಾದಿಯಲ್ಲಿ 50ಕ್ಕೂ ಹೆಚ್ಚು ಸುರಂಗಗಳು, 100ಕ್ಕೂ ಹೆಚ್ಚು ಸೇತುವೆಗಳಿವೆ. ಹಳಿಯ ಮೇಲೆ ಚಾರಣ ಮಾಡುವ ಹುಚ್ಚು ನಮ್ಮ ಯುವಕರಿಗಿದೆ. ಅದು ಕಾನೂನಿಗೆ ವಿರುದ್ಧ, ಪ್ರಾಣಕ್ಕೂ ಅಪಾಯ. ಹಗಲಿನ ರೈಲಿನ ಕಿಟಕಿಯಲ್ಲಿ ಕುಳಿತು ಆ ಘಟ್ಟವನ್ನು ಕಣ್ತುಂಬ ನೋಡಬಹುದು. ಮಳೆಗಾಲವಾದರೆ ಇಂಬಳಕ್ಕೆ ಉಪ್ಪು, ಜಾರದ ಮೆಟ್ಟು ಇರಲಿ. ಎಲ್ಲಕ್ಕಿಂತ ಮಿಗಿಲಾಗಿ, ಹೇಳಿದ ವೇಳೆಗೆ ಹಿಂತಿರುಗಬೇಕು.

ಮನುಷ್ಯನು ದುಡಿಯುವುದು ಬಿಡುವಿಗಾಗಿ ಎಂದು ಅರಿಸ್ಟಾಟಲನು ವಿವರಿಸಿದ್ದನ್ನು ನಾನು ಗುರುಮಠದಲ್ಲಿ ಓದಿದ್ದೆ. ಅವನ ಕಾಲದ ಗ್ರೀಸಿನಲ್ಲಿ ಆ ಬಿಡುವಿಗಾಗಿ ದುಡಿಯುತ್ತಿದ್ದವರು ಗುಲಾಮರು ಎಂಬುದನ್ನು ಪರೀಕ್ಷೆಗೆ ಬರೆದು ಮರೆತಿದ್ದೆ. ನನ್ನ ಬಿಡುವು ಇನ್ನೊಬ್ಬರ ಬಿಡುವನ್ನು ಕಸಿಯುವಂತಿದ್ದರೆ ಅದು ವಿಶ್ರಾಂತಿಯಲ್ಲ, ಸಾಲ.

ಮರುದಿನ ಬೆಳಿಗ್ಗೆ ಹೊರಡುವ ಮುನ್ನ ಕ್ಷಮೆ ಕೇಳೋಣವೆಂದು ಲೈನು ಮನೆಯತ್ತ ನಡೆದೆ. ಬಾಗಿಲಿಗೆ ಬೀಗ ಬಿದ್ದಿತ್ತು. ಗಂಡ ಹೆಂಡತಿ ಇಬ್ಬರೂ ಆಗಲೇ ಕಣದಲ್ಲಿದ್ದರು, ಮುಚ್ಚಿದ್ದ ಕಾಫಿಯನ್ನು ಬಿಸಿಲಿಗೆ ಬಿಚ್ಚಿ ಹರಡುತ್ತಾ.