ಭಂಗಿಯ ಗಿಡವೂ ಚುನಾವಣೆಯ ಭರವಸೆಯೂ

ಬೆಂಗಳೂರಿನ ನಗರ್ತಪೇಟೆಯ ಸುತ್ತಮುತ್ತಣ ಗ್ರಂಧಿಗೆ ಅಂಗಡಿಗಳಲ್ಲಿ ಹಿಪ್ಪಲಿ, ಅಶ್ವಗಂಧ, ಜ್ಯೇಷ್ಠಮಧು ಮೊದಲಾದ ಮೂಲಿಕೆಗಳನ್ನು ಯಾರು ಬೇಕಾದರೂ ಕೊಳ್ಳಬಹುದು. ಆಯುರ್ವೇದವು 'ವಿಜಯಾ' ಎಂದು ಕರೆಯುವ ಮೂಲಿಕೆಯನ್ನು ಮಾತ್ರ ಹಾಗೆ ಕೊಳ್ಳಲಾಗದು. ಅದೇ ಭಂಗಿಯ ಗಿಡ; ಅದರ ಹೂದಲೆಯೇ ಗಾಂಜಾ. ಔಷಧಕ್ಕಾಗಿ ಇದಕ್ಕೆ ಅನುಮತಿಯಿತ್ತು, ತೆರಿಗೆಯಿಂದ ಬೊಕ್ಕಸವನ್ನು ತುಂಬಬಹುದೆಂಬ ಮಾತು ಈಚೆಗೆ ಹಲವು ದೇಶಗಳ ಚುನಾವಣಾ ವೇದಿಕೆಗಳನ್ನೇರಿದೆ. ಈ ಭರವಸೆಯ ತೂಕವೆಷ್ಟು?

ಗುಣ ಮತ್ತು ದೋಷ

ಈ ಗಿಡದ ರಾಸಾಯನಿಕಗಳಲ್ಲಿ ಎರಡು ಮುಖ್ಯವಾದುವು. ಅಮಲನ್ನುಂಟುಮಾಡುವುದು ಟೆಟ್ರಾಹೈಡ್ರೋಕ್ಯಾನಬಿನಾಲ್. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬರುವ ವಾಂತಿಯನ್ನು ತಡೆಯಲು ಇದು ನೆರವಾಗುವುದು. ಆದರೆ ಎಳೆಯ ವಯಸ್ಸಿನಲ್ಲಿ ಗಾಂಜಾ ಸೇದುವವರಲ್ಲಿ ಚಿತ್ತವಿಕಾರದ ಅಪಾಯ ಹೆಚ್ಚು. ಎರಡನೆಯದು ಕ್ಯಾನಬಿಡಿಯಾಲ್, ಇದರಿಂದ ಅಮಲೇರದು. ಇದರಿಂದ ತಯಾರಾದ ಔಷಧವೊಂದಕ್ಕೆ, ಬಾಲ್ಯದಲ್ಲಿ ತೊಡಗುವ ಎರಡು ಬಗೆಯ ಉಗ್ರ ಅಪಸ್ಮಾರಗಳ ಚಿಕಿತ್ಸೆಗಾಗಿ, 2018ರಲ್ಲಿ ಅಮೆರಿಕ ಅನುಮತಿ ನೀಡಿತು.

ಗಿಡ ಒಂದು, ಶಾಸನ ಹಲವು

ನಮ್ಮ ದೇಶದ 1985ರ ಮಾದಕದ್ರವ್ಯ ಶಾಸನವು ಗಿಡವನ್ನೇ ಭಾಗ ಮಾಡಿ ನೋಡುತ್ತದೆ. ಹೂದಲೆ ಮತ್ತು ಅಂಟು, ಎಂದರೆ ಗಾಂಜಾ ಮತ್ತು ಚರಸ್, ಅದರ ಹಿಡಿತಕ್ಕೆ ಒಳಪಟ್ಟಿವೆ. ಹೂದಲೆಯಿಂದ ಬೇರ್ಪಟ್ಟ ಎಲೆಯೂ ಬೀಜವೂ ಅದರಿಂದ ಹೊರಗೆ. ಎಲೆಯಿಂದಾಗುವ ಭಂಗಿ ರಾಜ್ಯಗಳ ಅಬಕಾರಿ ಶಾಸನಗಳಿಗೆ ಸೇರಿದ್ದು. 2022ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಈ ಭೇದವನ್ನು ಎತ್ತಿ ಹೇಳಿ ಆರೋಪಿಗೆ ಜಾಮೀನು ನೀಡಿತು.

ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗಾಗಿ ಗಿಡ ಬೆಳೆಯಲು ಅನುಮತಿ ನೀಡುವ ಅಧಿಕಾರವನ್ನು ಅದೇ ಶಾಸನ ರಾಜ್ಯ ಸರ್ಕಾರಗಳಿಗೆ ಕೊಟ್ಟಿದೆ. 2024ರಲ್ಲಿ ಹಿಮಾಚಲ ಪ್ರದೇಶದ ವಿಧಾನಸಭೆ ಇಂಥ ನಿಯಂತ್ರಿತ ಕೃಷಿಯ ಪರವಾಗಿ ನಿರ್ಣಯ ಕೈಗೊಂಡಿತು.

ತೆರಿಗೆಯ ತೊಡಕು

ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಮಾದಕದ್ರವ್ಯದ ಮೇಲೆ ಅಬಕಾರಿ ಸುಂಕ ಹಾಕುವ ಅಧಿಕಾರ ರಾಜ್ಯಕ್ಕೆ ಉಂಟು. ಆದರೆ ಅದೇ ದ್ರವ್ಯ ಸೇರಿದ ಔಷಧಕ್ಕೆ ಈ ಸುಂಕವಿಲ್ಲ. 2017ರ ಜುಲೈಯಿಂದ ಔಷಧಗಳ ಮೇಲೆ ಇರುವುದು ಸರಕು ಮತ್ತು ಸೇವಾ ತೆರಿಗೆ. ಅದರ ದರವನ್ನು ಕೇಂದ್ರವೂ ರಾಜ್ಯಗಳೂ ಕೂಡಿದ ಮಂಡಳಿಯಲ್ಲಿ ಚರ್ಚಿಸಬೇಕು. ಯಾವ ವಿಧಾನಸಭೆಯೂ ಅದನ್ನು ತಾನೊಂದೇ ಗೊತ್ತುಮಾಡಲಾರದು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಔಷಧವೆಂದು ತೆರಿಗೆ ಇಳಿಸಿದರೆ ಬೊಕ್ಕಸ ತುಂಬದು. ಅಮಲಿನ ವಸ್ತುವೆಂದು ಏರಿಸಿದರೆ ರೋಗಿಯ ಕೈ ಬರಿದಾಗುವುದು. ಕ್ಯಾಲಿಫೋರ್ನಿಯದ ಮತದಾರರು 2016ರಲ್ಲಿ ಒಪ್ಪಿದ ಶಾಸನವು ಗುರುತಿನ ಚೀಟಿಯುಳ್ಳ ರೋಗಿಗಳಿಗೆ ಮಾರಾಟ ತೆರಿಗೆಯಿಂದ ವಿನಾಯಿತಿ ಕೊಟ್ಟದ್ದು ಈ ಕಾರಣದಿಂದಲೇ. ಒಂದೇ ಉಸಿರಿನಲ್ಲಿ ಅಗ್ಗದ ಔಷಧವನ್ನೂ ಅಪಾರ ಆದಾಯವನ್ನೂ ಹೇಳುವ ಅಭ್ಯರ್ಥಿಯು ಎರಡು ದೋಣಿಗಳಲ್ಲಿ ಕಾಲಿಟ್ಟವನು.

ಥಾಯ್ಲೆಂಡಿನ ಪಾಠ

ಥಾಯ್ಲೆಂಡಿನಲ್ಲಿ 2019ರ ಚುನಾವಣೆಗೆ ನಿಂತ ಭೂಮ್‌ಜಾಯ್‌ಥಾಯ್ ಪಕ್ಷವು ಮನೆಗೆ ಆರು ಗಿಡಗಳನ್ನು ಬೆಳೆಯಗೊಡುವ ಭರವಸೆಯಿತ್ತಿತು. 2022ರ ಜೂನಿನಲ್ಲಿ ಗಿಡ ಮಾದಕದ್ರವ್ಯಗಳ ಪಟ್ಟಿಯಿಂದ ಹೊರಬಿತ್ತು. ಆದರೆ ಅದನ್ನು ನಿಯಂತ್ರಿಸುವ ಸಮಗ್ರ ಶಾಸನ ಆಗಿರಲಿಲ್ಲ. ಅಮಲಿಗಾಗಿ ಮಾರುವ ಅಂಗಡಿಗಳು ಸಾವಿರಗಟ್ಟಲೆ ಎದ್ದುವು. 2025ರ ಜೂನಿನಲ್ಲಿ ಸರ್ಕಾರವು ಹೂವಿನ ಮಾರಾಟಕ್ಕೆ ವೈದ್ಯರ ಚೀಟಿ ಅಗತ್ಯವೆಂದು ಆಜ್ಞೆ ಹೊರಡಿಸಬೇಕಾಯಿತು.

ಮತದಾನದ ಹೊಸ್ತಿಲಲ್ಲಿರುವ ವಿದ್ಯಾರ್ಥಿಗಳು ಅಭ್ಯರ್ಥಿಯನ್ನು ಕೇಳಬೇಕಾದ ಪ್ರಶ್ನೆಗಳು ಮೂರು: ಗಿಡದ ಯಾವ ಭಾಗಕ್ಕೆ ಅನುಮತಿ? ಅದು ಯಾವ ಸರ್ಕಾರದ ಅಧಿಕಾರಕ್ಕೆ ಸೇರಿದ್ದು? ತೆರಿಗೆಯ ಭಾರ ರೋಗಿಯ ಮೇಲೋ, ಅಮಲಿನ ಮೇಲೋ? ಉತ್ತರ ಸ್ಪಷ್ಟವಾಗಿಲ್ಲದೆಡೆ ಭರವಸೆಗೆ ಬೆಲೆಯಿಲ್ಲ.