ಬಿದ್ದಿದ್ದಕ್ಕೇ ಮುರಿಯಿತಾ?

ಬಚ್ಚಲಲ್ಲಿ ಜಾರಿ ಬಿದ್ದು ಅಮ್ಮನ ಮಣಿಕಟ್ಟು ಮುರಿದಾಗ ಅವಳಿಗೆ 61. "ಸೋಪಿನ ನೀರು ಕಣೋ, ಯಾರು ಬಿದ್ರೂ ಮುರೀತಿತ್ತು" ಅಂದಳು. ನಾನೂ ಹೌದೆಂದೆ. ಎಂಜಿನಿಯರಿಂಗ್ ಓದಿದವನು ಹಾಗನ್ನಬಾರದಿತ್ತು. ಲ್ಯಾಬಿನಲ್ಲಿ ಕಡಿಮೆ ಭಾರಕ್ಕೇ ಸರಳು ಮುರಿದರೆ ನಾವು ಭಾರವನ್ನು ಬೈಯುತ್ತಿರಲಿಲ್ಲ, ಸರಳನ್ನು ಅನುಮಾನಿಸುತ್ತಿದ್ದೆವು.

ವೈದ್ಯರ ಲೆಕ್ಕವೂ ಇದೇ. ನಿಂತಲ್ಲಿಂದ ಬಿದ್ದಷ್ಟಕ್ಕೇ ಮೂಳೆ ಮುರಿದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಇದೆಯಾ ಅಂತ ನೋಡಬೇಕು. ಒಮ್ಮೆ ಹೀಗೆ ಮುರಿದವರಿಗೆ ಮತ್ತೆ ಮುರಿಯುವ ಅಪಾಯ ಸುಮಾರು ಎರಡು ಪಟ್ಟು.

ರೋಗಿಗಳಿಗೆ ಮಾತ್ರ ಹಾಗನ್ನಿಸುವುದಿಲ್ಲ. 'ಗ್ಲೋ' ಎಂಬ ಅಧ್ಯಯನ 10 ದೇಶಗಳಲ್ಲಿ 55 ವರ್ಷ ಮೇಲ್ಪಟ್ಟ 60,000ಕ್ಕೂ ಹೆಚ್ಚು ಹೆಂಗಸರನ್ನು ಕೇಳಿತ್ತು (ಯುರೋಪ್, ಉತ್ತರ ಅಮೆರಿಕ, ಆಸ್ಟ್ರೇಲಿಯಾ, ನಮ್ಮವರಿಲ್ಲ). ಕಾಯಿಲೆ ಇದೆ ಅಂತ ಗೊತ್ತಿದ್ದವರಲ್ಲೂ, ತಮಗೆ ಓರಗೆಯವರಿಗಿಂತ ಹೆಚ್ಚು ಅಪಾಯ ಅಂದುಕೊಂಡವರು 43% ಅಷ್ಟೇ.

ಇದನ್ನು ದಡ್ಡತನ ಅನ್ನಬೇಡಿ. ಬಿಪಿ, ಶುಗರ್ ಮನೆಯಲ್ಲೇ ನೋಡಿಕೊಳ್ಳಬಹುದು. ಮೂಳೆ ಸವೆಯುವಾಗ ನೋಯುವುದೂ ಇಲ್ಲ. ಕಣ್ಣಿಗೆ ಕಾಣೋದು ಬಿದ್ದದ್ದೊಂದೇ. ಅಮ್ಮನ ಆಸ್ಪತ್ರೆ ಚೀಟಿಯಲ್ಲಿ ಪ್ಲಾಸ್ಟರ್ ಬಿಚ್ಚುವ ತಾರೀಕಿತ್ತು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ಒಂದು ಸಾಲೂ ಇರಲಿಲ್ಲ. ಆಸ್ಪತ್ರೆಯೇ ಅದನ್ನು ಆಕಸ್ಮಿಕ ಅಂದುಕೊಂಡ ಮೇಲೆ ಅಮ್ಮ ಬೇರೇನು ಅಂದುಕೊಳ್ಳಬೇಕಿತ್ತು?

ಎರಡು ವರ್ಷ ಬಿಟ್ಟು ನಾನೇ ಹಟ ಹಿಡಿದು ಸ್ಕ್ಯಾನ್ ಮಾಡಿಸಿದೆ. ಟಿ-ಸ್ಕೋರ್ ಮೈನಸ್ 2.9, ಮೈನಸ್ 2.5ಕ್ಕೆ ಇಳಿದರೇ ಆಸ್ಟಿಯೋಪೊರೋಸಿಸ್. ಈಗ ವಾರಕ್ಕೊಂದು ಮಾತ್ರೆ ನುಂಗುತ್ತಾಳೆ. ನಂಬೋದು ಮಾತ್ರ ಬಚ್ಚಲಿಗೆ ಹಾಸಿದ ರಬ್ಬರ್ ಮ್ಯಾಟನ್ನೇ.