ಮೀನಿಲ್ಲದ ಮೀನೆಣ್ಣೆ, ಮೇವಿಗೆ ಕಟ್ಟಿಗೆ ಹೊಟ್ಟು!

ನಮ್ಮ ಗುರುಗುಂಟಾದಿಂದ ಸಮುದ್ರ ಬಲು ದೂರ. ಜೋಳ, ತೊಗರಿ, ಹತ್ತಿಯ ಸೀಮೆ ಇದು. ಆದರೂ ಕಾಡ್ ಮೀನಿನ ಎಣ್ಣೆಯ ವಾಸನೆ ನನ್ನ ಓರಗೆಯ ಅಜ್ಜ-ಅಜ್ಜಿಯರಿಗೆ ನೆನಪಿರಬೇಕು. ಮೂಗು ಹಿಡಿದು ಚಮಚದಲ್ಲಿ ಕುಡಿಸುತ್ತಿದ್ದರು.

ಹೋದ ತಿಂಗಳು ಬಸುರಿ ಸೊಸೆಗೆ ಡಾಕ್ಟರು ಡಿಎಚ್‌ಎ ಮಾತ್ರೆ ಬರೆದುಕೊಟ್ಟರು. ಡಿಎಚ್‌ಎ ಎಂದರೆ ಒಮೆಗಾ-3 ಜಾತಿಯ ಒಂದು ಕೊಬ್ಬು. ಮಗುವಿನ ಮಿದುಳಿಗೂ ಕಣ್ಣಿಗೂ ಬೇಕಾದದ್ದು. "ಇದು ಮೀನಿನ ಎಣ್ಣಿ ಹೌದಲ್ರೀ? ನಮ್ಮ ಮನ್ಯಾಗ ನಡಿಯಂಗಿಲ್ಲ" ಎಂದು ನನ್ನಾಕೆ ಡಬ್ಬಿ ದೂರ ಸರಿಸಿದಳು. ಕನ್ನಡಕ ಏರಿಸಿ ನೋಡಿದೆ. ಹಸಿರು ಚುಕ್ಕೆ ಇತ್ತು, 'ಪಾಚಿ ಎಣ್ಣೆ' ಎಂದಿತ್ತು. ಅದೆಂಥದ್ದು ಎಂದು ಓದುತ್ತಾ ಕೂತೆ.

ಮಕ್ಕಳೇ, ಗುಟ್ಟು ಇಷ್ಟೇ. ಮೀನು ಈ ಎಣ್ಣೆಯನ್ನು ತಾನಾಗಿ ತಯಾರಿಸುವುದು ಅತ್ಯಲ್ಪ. ತಯಾರಿಸುವುದು ಸಮುದ್ರದ ಸೂಕ್ಷ್ಮಜೀವಿಗಳು. ಅವನ್ನು ಸಣ್ಣ ಹುಳು ತಿನ್ನುತ್ತದೆ, ಹುಳುವನ್ನು ಸಣ್ಣ ಮೀನು, ಅದನ್ನು ದೊಡ್ಡ ಮೀನು. ಬ್ಯಾಂಕಿನಲ್ಲಿ ಖಾತೆಯಿಂದ ಖಾತೆಗೆ ಹಣ ಹೋದ ಹಾಗೆ! ಮೊದಲು ಜಮಾ ಮಾಡಿದವರನ್ನೇ ಹಿಡಿದರೆ ಮೀನಿನ ಹಂಗಿಲ್ಲ. (ನಮ್ಮ ಅಗಸಿ ಹಿಂಡಿಯಲ್ಲೂ ಒಮೆಗಾ-3 ಇದೆ, ಆದರೆ ಬೇರೆ ಬಗೆಯದು. ಅದರಲ್ಲಿ ತೀರ ಸ್ವಲ್ಪವನ್ನಷ್ಟೇ ದೇಹ ಡಿಎಚ್‌ಎ ಆಗಿ ಬದಲಿಸುತ್ತದೆ. ಹಾಗಂತ ರೊಟ್ಟಿ ಜತೆ ಅಗಸಿ ಹಿಂಡಿ ಬಿಟ್ಟೀರಿ ಮತ್ತೆ!)

ಮೊದಲು ಹಿಡಿದದ್ದು ಗಗನಯಾತ್ರೆಯ ನೆಪದಲ್ಲಿ. ದೂರದ ಪ್ರಯಾಣದಲ್ಲಿ ಪಾಚಿಯಿಂದ ಉಸಿರಾಟದ ಗಾಳಿ ಪಡೆಯಬಹುದೇ ಎಂದು ಅಮೆರಿಕದ ನಾಸಾಕ್ಕಾಗಿ ಕೆಲವರು ಪ್ರಯೋಗ ನಡೆಸಿದ್ದರು. ಅವರೇ 1985ರಲ್ಲಿ ಮಾರ್ಟೆಕ್ ಎಂಬ ಕಂಪನಿ ಕಟ್ಟಿದರು. ಅವರ ಪಾಚಿ ಎಣ್ಣೆ ಮುಂದೆ ಹಸುಗೂಸುಗಳ ಹಾಲಿನ ಪುಡಿಗೆ ಸೇರಿತು. ಒಂದು ಮಾತು: ಒಳಗೆ ಪಾಚಿ ಎಣ್ಣೆ ಇದ್ದರೂ ಮಾತ್ರೆಯ ಕವಚ ಜೆಲಾಟಿನ್ ಆಗಿರಬಹುದು. ಅದು ಪ್ರಾಣಿಗಳ ಚರ್ಮ, ಎಲುಬಿನದು. ಡಬ್ಬಿಯ ಸಣ್ಣ ಅಕ್ಷರ ಓದುವ ಕೆಲಸ ಮೊಮ್ಮಕ್ಕಳಿಗೆ ವಹಿಸಿ.

ಎಣ್ಣೆ ಕೊಡುವ ಈ ಜೀವಿಗಳಲ್ಲಿ ಥ್ರಾಸ್ಟೊಕೈಟ್ರಿಡ್ ಎಂಬ ಒಂದು ಗುಂಪಿದೆ. ಇವಕ್ಕೆ ಬಿಸಿಲು ಬೇಡ. ಕತ್ತಲ ತೊಟ್ಟಿಯಲ್ಲಿ ಸಕ್ಕರೆ ತಿಂದು ಮೈತುಂಬ ಎಣ್ಣೆ ಕಟ್ಟಿಕೊಳ್ಳುತ್ತವೆ. ಆದರೆ ಆ ಸಕ್ಕರೆ ಹೆಚ್ಚಾಗಿ ಮೆಕ್ಕೆಜೋಳದಂಥ ಬೆಳೆಯಿಂದ ಬರಬೇಕು. ಜನರ ಕಾಳನ್ನು ಕಣ್ಣಿಗೆ ಕಾಣದ ಜೀವಿಗೆ ಹಾಕುವುದೆಂದರೆ ನನಗೆ ಸರಿಕಾಣದು. ಆಗ ಬಂತು ಕಟ್ಟಿಗೆ ಹೊಟ್ಟಿನ ಯೋಚನೆ.

ಹೊಟ್ಟಿನ ಒಲೆ ನೆನಪಿದೆಯೇ? ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಜಡಿದು, ಬಾಟಲಿ ಮೆಲ್ಲಗೆ ಎಳೆದು ಬೆಂಕಿ ಹಚ್ಚುತ್ತಿದ್ದೆವು. ಆಗ ನಾವು ಸುಟ್ಟದ್ದು ಸಕ್ಕರೆಯನ್ನೇ! ಮರದ ಹೆಚ್ಚುಕಡಿಮೆ 40ರಿಂದ 45 ಪಾಲು ಸೆಲ್ಯುಲೋಸ್. ಅದು ಸಕ್ಕರೆಯ ಕಣಗಳನ್ನು ಸರಪಳಿಯಂತೆ ಪೋಣಿಸಿದ ವಸ್ತು. ನಡುವೆ ಲಿಗ್ನಿನ್ ಎಂಬ ಗಟ್ಟಿ ಅಂಟು. ಹೊಟ್ಟನ್ನು ಮದ್ಯಸಾರ ಬೆರೆಸಿದ ನೀರಿನಲ್ಲಿ ಒತ್ತಡದಲ್ಲಿ ಬೇಯಿಸಿ ಅಂಟು ಬಿಡಿಸಬೇಕು, ಆಮೇಲೆ ಕಿಣ್ವ ಹಾಕಿ ಸರಪಳಿ ಕಡಿಯಬೇಕು. ಸ್ವೀಡನ್ನಿನ ಲೂಲಿಯೊ ತಾಂತ್ರಿಕ ವಿಶ್ವವಿದ್ಯಾಲಯದವರು ಹೀಗೆ ಕಾಡಿನ ಮರದಿಂದ ಸಕ್ಕರೆ ತೆಗೆದು ಥ್ರಾಸ್ಟೊಕೈಟ್ರಿಡ್‌ಗಳನ್ನು ಸಾಕಿ, ಡಿಎಚ್‌ಎ ಪಡೆದುದನ್ನು 2019ರಲ್ಲಿ ಪ್ರಕಟಿಸಿದರು. ಜತೆಗೆ ಸ್ಕ್ವಾಲೀನ್ ಎಂಬ ಎಣ್ಣೆಯೂ ಸಿಕ್ಕಿತು. ಇದಕ್ಕಾಗಿ ಶಾರ್ಕ್ ಮೀನಿನ ಪಿತ್ತಜನಕಾಂಗ ಹಿಂಡುತ್ತಾರೆ.

ಗುಮಾಸ್ತನ ಚಾಳಿ, ಲೆಕ್ಕ ಹಾಕಿದೆ. 100 ಕಿಲೋ ಒಣ ಹೊಟ್ಟಿನಲ್ಲಿ 40 ಕಿಲೋ ಸೆಲ್ಯುಲೋಸ್ ಹಿಡಿದರೆ ಕಾಗದದ ಮೇಲೆ ಸುಮಾರು 44 ಕಿಲೋ ಸಕ್ಕರೆ. ಸಕ್ಕರೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಎಣ್ಣೆಯಾಗದು. ಅಂದರೆ 14 ಕಿಲೋದ ಆಸುಪಾಸು. ನಿಜದಲ್ಲಿ ಅಷ್ಟೂ ಕೈಗೆ ಬಾರದು. ಕಿಣ್ವ ತುಟ್ಟಿ, ಬೇಯಿಸುವಾಗ ಹುಟ್ಟುವ ಕೆಲವು ರಾಸಾಯನಿಕಗಳು ಜೀವಿಗಳನ್ನೇ ಕುಗ್ಗಿಸುತ್ತವೆ. ಈಗಲೇ ಈ ಧಂದೆಗೆ ಸಾಲ ಕೇಳಿ ಯಾರಾದರೂ ಬಂದರೆ ನಾನಂತೂ ಹಿಂದೆಮುಂದೆ ನೋಡುತ್ತೇನೆ.

ಈ ಜೀವಿಗಳೇನೂ ಪರದೇಶದವಲ್ಲ. ನಮ್ಮ ಕರಾವಳಿಯ ಕಾಂಡ್ಲಾ ಗಿಡಗಳ ಕೊಳೆತ ಎಲೆಯಲ್ಲೂ ಇವೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಡಾ. ಶೇಷಗಿರಿ ರಘುಕುಮಾರ್ ವರ್ಷಗಟ್ಟಲೆ ಇವುಗಳ ಅಧ್ಯಯನ ಮಾಡಿದ್ದಾರೆ. ಮೇವಿಗೂ ನಮ್ಮಲ್ಲಿ ಬರವಿಲ್ಲ. ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ನಿಲ್ಲುವ ಕಟ್ಟಿಗೆಯ ಒಳಗೂ ಅದೇ ಸೆಲ್ಯುಲೋಸ್ ಇದೆ. ಸದ್ಯಕ್ಕೆ ಅದರಲ್ಲಿ ಒಂದಿಷ್ಟು ಒಲೆ ಸೇರುತ್ತದೆ, ಉಳಿದದ್ದನ್ನು ಹೊಲದಲ್ಲೇ ಗುಡ್ಡೆ ಹಾಕಿ ಸುಡುತ್ತಾರೆ.